ನಿಮ್ಮ ಜಿಲ್ಲೆಯ ವಿಶ್ವವಿದ್ಯಾಲಯದ ಲೆಕ್ಕ ಓದುವುದು ಹೇಗೆ, ಕೇಳುವುದು ಹೇಗೆ?

ಪರೀಕ್ಷಾ ಶುಲ್ಕ ಯಾಕೆ ಏರಿತು? ಅತಿಥಿ ಉಪನ್ಯಾಸಕರ ಗೌರವಧನ ಯಾಕೆ ಬಂದಿಲ್ಲ? ನಿವೃತ್ತರ ಪಿಂಚಣಿ ಯಾಕೆ ತಡವಾಗುತ್ತಿದೆ? ಹಾಸ್ಟೆಲ್ ಕಟ್ಟಡ ಕಂಬದ ಮಟ್ಟಕ್ಕೆ ಬಂದು ಯಾಕೆ ನಿಂತಿತು? ಈ ಎಲ್ಲ ಪ್ರಶ್ನೆಗಳಿಗೂ ಆಡಳಿತ ಭವನದಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಸರ್ಕಾರದಿಂದ ಅನುದಾನ ಬಂದಿಲ್ಲ." ಅದು ಎಷ್ಟೋ ಸಲ ನಿಜವೂ ಹೌದು. ಆದರೆ ಎಷ್ಟು ಬರಬೇಕಿತ್ತು, ಎಷ್ಟು ಬಂತು, ಬಂದದ್ದು ಯಾವ ಬಾಬತ್ತಿಗೆ ಹೋಯಿತು ಎಂಬುದೆಲ್ಲ ಕಾಗದದ ಮೇಲಿದೆ. ಆ ಕಾಗದಗಳನ್ನು ಪಡೆದು ಒಂದರ ಪಕ್ಕ ಒಂದಿಟ್ಟು ಓದುವ ಕ್ರಮವನ್ನು ಇಲ್ಲಿ ಹೇಳಿದೆ. ಇದು ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಿಗೆ ಸಂಬಂಧಿಸಿದ್ದು. ವಿದ್ಯಾರ್ಥಿಗಳು, ಪೋಷಕರು, ಸಂಯೋಜಿತ ಕಾಲೇಜುಗಳ ಅಧ್ಯಾಪಕರು, ನಿವೃತ್ತ ನೌಕರರು, ಜಿಲ್ಲಾ ವರದಿಗಾರರು, ಯಾರು ಬೇಕಾದರೂ ಇದನ್ನು ಮಾಡಬಹುದು. ಲೆಕ್ಕಶಾಸ್ತ್ರ ಓದಿರಬೇಕಾಗಿಲ್ಲ. ಕೂಡುವುದು, ಕಳೆಯುವುದು ಗೊತ್ತಿದ್ದು ತಾಳ್ಮೆ ಇದ್ದರೆ ಸಾಕು.

ಮೊದಲು: ಯಾವ ಕಾಯ್ದೆ, ಯಾರ ಸಹಿ

ಮೈಸೂರು, ಕರ್ನಾಟಕ, ಬೆಂಗಳೂರು, ಮಂಗಳೂರು, ಗುಲಬರ್ಗಾ, ಕುವೆಂಪು, ತುಮಕೂರು, ದಾವಣಗೆರೆ, ರಾಣಿ ಚನ್ನಮ್ಮ ಮುಂತಾದ ಸಾಮಾನ್ಯ ವಿವಿಗಳು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ರ ಅಡಿ ನಡೆಯುತ್ತವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ 1991ರ, ಮುಕ್ತ ವಿಶ್ವವಿದ್ಯಾಲಯಕ್ಕೆ 1992ರ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ 1994ರ ಪ್ರತ್ಯೇಕ ಕಾಯ್ದೆಗಳಿವೆ. ಇದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ತೀರ್ಮಾನ ತೆಗೆದುಕೊಳ್ಳುವ ಸಭೆಯ ಹೆಸರೇ ಬೇರೆಬೇರೆ: ಸಾಮಾನ್ಯ ವಿವಿಗಳಲ್ಲಿ ಸಿಂಡಿಕೇಟ್, ವಿಟಿಯುನಲ್ಲಿ ಕಾರ್ಯಕಾರಿ ಪರಿಷತ್ತು, ಮುಕ್ತ ವಿವಿಯಲ್ಲಿ ವ್ಯವಸ್ಥಾಪನಾ ಮಂಡಳಿ. ಇಲ್ಲದ ಸಭೆಯ ನಡಾವಳಿ ಕೇಳಿದರೆ "ಅಂತಹ ದಾಖಲೆ ಲಭ್ಯವಿಲ್ಲ" ಎಂಬ ಹಿಂಬರಹ ಬರುತ್ತದೆ, ಒಂದು ತಿಂಗಳು ಹಾಳಾಗುತ್ತದೆ.

2000ರ ಕಾಯ್ದೆಯ ಪ್ರಕಾರ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಕುಲಪತಿಯ ಆಯ್ಕೆಗೆ ನಾಲ್ವರ ಶೋಧನಾ ಸಮಿತಿ ರಚಿಸಲಾಗುತ್ತದೆ. ಕುಲಾಧಿಪತಿ, ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ), ರಾಜ್ಯ ಸರ್ಕಾರ ಮತ್ತು ಸಿಂಡಿಕೇಟ್ ತಲಾ ಒಬ್ಬರನ್ನು ಅದಕ್ಕೆ ನಾಮನಿರ್ದೇಶನ ಮಾಡುತ್ತಾರೆ. ಸಮಿತಿ ಕೊಟ್ಟ ಮೂರು ಹೆಸರುಗಳಲ್ಲಿ ಒಂದನ್ನು ಕುಲಾಧಿಪತಿ ಸರ್ಕಾರದ ಸಹಮತಿಯೊಂದಿಗೆ ಆರಿಸುತ್ತಾರೆ. ಅವಧಿ ನಾಲ್ಕು ವರ್ಷ. ಕುಲಪತಿಯ ಕೆಳಗೆ ಮೂವರು ಅಧಿಕಾರಿಗಳಿದ್ದಾರೆ: ಆಡಳಿತ ನೋಡುವ ಕುಲಸಚಿವರು, ಪರೀಕ್ಷೆ ನೋಡುವ ಮೌಲ್ಯಮಾಪನ ಕುಲಸಚಿವರು, ಹಣ ನೋಡುವ ಹಣಕಾಸು ಅಧಿಕಾರಿ. ನಿಮ್ಮ ಪ್ರಶ್ನೆ ಯಾರ ಮೇಜಿನದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಉತ್ತರ ಪತ್ರಿಕೆ ಮುದ್ರಣದ ಬಿಲ್ಲನ್ನು ಆಡಳಿತ ಕುಲಸಚಿವರಿಗೆ ಕೇಳಿದರೆ ಕಡತ ಮೂರು ಕಟ್ಟಡ ಸುತ್ತಿ ಬರುತ್ತದೆ.

ಹಣದ ಪ್ರಸ್ತಾವ ಸಾಗುವ ದಾರಿಯನ್ನೂ ತಿಳಿದಿರಿ. ವಿಭಾಗದ ಬೇಡಿಕೆ ಹಣಕಾಸು ಅಧಿಕಾರಿಯ ಟಿಪ್ಪಣಿಯೊಂದಿಗೆ ಹಣಕಾಸು ಸಮಿತಿಗೆ ಬರುತ್ತದೆ, ಅಲ್ಲಿಂದ ಸಿಂಡಿಕೇಟ್‌ಗೆ ಹೋಗುತ್ತದೆ. ಹೀಗೆ ಪ್ರತಿ ದೊಡ್ಡ ವೆಚ್ಚಕ್ಕೂ ಮೂರು ಕಡೆ ಬರವಣಿಗೆ ಉಳಿದಿರುತ್ತದೆ. ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ಸಿಗುತ್ತದೆ.

ಒಟ್ಟುಮಾಡಬೇಕಾದ ಕಾಗದಗಳು

ಕನಿಷ್ಠ ಮೂರು ವರ್ಷದ್ದು ಬೇಕು. ಒಂದೇ ವರ್ಷದ ಲೆಕ್ಕ ಏನನ್ನೂ ಹೇಳುವುದಿಲ್ಲ. ವಿವಿಯ ಆಯವ್ಯಯ ಪುಸ್ತಕ, ವಾರ್ಷಿಕ ಲೆಕ್ಕಪತ್ರ (ಸ್ವೀಕೃತಿ-ಪಾವತಿ ಲೆಕ್ಕ, ಆದಾಯ-ವೆಚ್ಚ ಲೆಕ್ಕ ಮತ್ತು ಆಸ್ತಿ-ಹೊಣೆ ತೋರಿಸುವ ಅಢಾವೆ ಪತ್ರಿಕೆ ಮೂರೂ), ಲೆಕ್ಕಪರಿಶೋಧನಾ ವರದಿ, ಅದಕ್ಕೆ ವಿವಿ ಕೊಟ್ಟ ಅನುಪಾಲನಾ ವರದಿ, ಹಣಕಾಸು ಸಮಿತಿ ಹಾಗೂ ಸಿಂಡಿಕೇಟ್ ನಡಾವಳಿ, ವಾರ್ಷಿಕ ವರದಿ. ಇವುಗಳಲ್ಲಿ ವಾರ್ಷಿಕ ವರದಿ, ಆಯವ್ಯಯ ಮತ್ತು ಕೆಲವು ನಡಾವಳಿಗಳು ವಿವಿಯ ಜಾಲತಾಣದಲ್ಲೇ ಸಿಗುತ್ತವೆ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಸಲ್ಲಿಸಿದ ಸ್ವಯಂ ಅಧ್ಯಯನ ವರದಿಯ ಅನುಬಂಧಗಳನ್ನು ಬಿಡಬೇಡಿ. ಬೇರೆಲ್ಲೂ ಹಾಕದ ಲೆಕ್ಕಪತ್ರಗಳನ್ನು ಅಂಕ ಪಡೆಯಲೆಂದು ಅಲ್ಲಿ ಏರಿಸಿರುವುದುಂಟು.

ಇನ್ನೊಂದು ಕಾಗದ ವಿವಿಯ ಹೊರಗಿದೆ, ಅದನ್ನು ಬಹುಮಂದಿ ಮರೆಯುತ್ತಾರೆ. ರಾಜ್ಯ ಬಜೆಟ್‌ನ ಶಿಕ್ಷಣ ಬೇಡಿಕೆಯಲ್ಲಿ 2202-03-102 ಎಂಬ ಲೆಕ್ಕಶೀರ್ಷಿಕೆ ಹುಡುಕಿ. 2202 ಎಂದರೆ ಸಾಮಾನ್ಯ ಶಿಕ್ಷಣ, 03 ಎಂದರೆ ವಿಶ್ವವಿದ್ಯಾಲಯ ಮತ್ತು ಉನ್ನತ ಶಿಕ್ಷಣ, 102 ಎಂದರೆ ವಿಶ್ವವಿದ್ಯಾಲಯಗಳಿಗೆ ಸಹಾಯ. ಅದರ ಕೆಳಗೆ ವಿವಿಗಳ ಹೆಸರಿನ ಸಾಲುಗಳಿವೆ. ಪ್ರತಿ ಸಾಲಿನಲ್ಲೂ ಹಿಂದಿನ ವರ್ಷದ ವಾಸ್ತವ ವೆಚ್ಚ, ಚಾಲ್ತಿ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಇರುತ್ತವೆ. "ಅನುದಾನ ಬಂದಿಲ್ಲ" ಎಂಬ ಮಾತನ್ನು ಪರೀಕ್ಷಿಸುವ ಜಾಗ ಇದೇ.

ಆಯವ್ಯಯ ಓದುವಾಗ

ಆಯವ್ಯಯ ಪುಸ್ತಕ ಆಸೆಯ ಪಟ್ಟಿ. ಅದರಲ್ಲಿ ಮೊದಲು ನೋಡಬೇಕಾದದ್ದು ಈ ವರ್ಷದ ಅಂದಾಜನ್ನಲ್ಲ, ಎರಡು ವರ್ಷ ಹಿಂದಿನ "ವಾಸ್ತವ" ಎಂಬ ಕಾಲಂ. ಪತ್ರಿಕೆಗಳಲ್ಲಿ ಬರುವ "ಇಷ್ಟು ಕೋಟಿ ಉಳಿತಾಯ ಬಜೆಟ್" ಎಂಬ ಶೀರ್ಷಿಕೆ ಅಂದಾಜಿನಿಂದ ಹುಟ್ಟಿದ್ದು, ಅದನ್ನು ನೆಚ್ಚಬೇಡಿ. ಯಾಕೆಂದು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ.

ಒಂದು ವಿವಿಯ ಆಯವ್ಯಯದಲ್ಲಿ ಸ್ವೀಕೃತಿ 150 ಕೋಟಿ, ಪಾವತಿ 148 ಕೋಟಿ, ಉಳಿತಾಯ 2 ಕೋಟಿ ಎಂದಿದೆ ಎಂದುಕೊಳ್ಳಿ. ಸ್ವೀಕೃತಿಯನ್ನು ಬಿಡಿಸಿದರೆ ಆರಂಭಿಕ ಶಿಲ್ಕು 18 ಕೋಟಿ, ಸರ್ಕಾರದಿಂದ ನಿರೀಕ್ಷಿಸಿದ ಅನುದಾನ 70 ಕೋಟಿ, ಪರೀಕ್ಷೆ, ಪ್ರವೇಶ ಮತ್ತು ಸಂಯೋಜನೆ ಶುಲ್ಕಗಳಿಂದ 50 ಕೋಟಿ, ಠೇವಣಿಯ ಬಡ್ಡಿ 4 ಕೋಟಿ, ಮುರಿಸಲಿರುವ ಠೇವಣಿ 8 ಕೋಟಿ. ಆರಂಭಿಕ ಶಿಲ್ಕು ಹಳೆಯ ಹಣ, ಠೇವಣಿ ಮುರಿಸಿದ್ದು ಗಂಟು ಕರಗಿಸಿದ್ದು. ಎರಡೂ ಈ ವರ್ಷದ ಆದಾಯವಲ್ಲ. ಅವನ್ನು ತೆಗೆದರೆ 124 ಕೋಟಿ. ಇನ್ನು, ಕಳೆದ ವರ್ಷ ನಿಜವಾಗಿ ಬಂದ ಅನುದಾನ 52 ಕೋಟಿ ಆಗಿದ್ದು ಈ ಸಲವೂ ಅಷ್ಟೇ ಬಂದರೆ ಮತ್ತೆ 18 ಕೋಟಿ ಕಡಿಮೆ, ಅಂದರೆ 106 ಕೋಟಿ. 148ರಲ್ಲಿ 106 ಕಳೆಯಿರಿ. ಪುಸ್ತಕದಲ್ಲಿ 2 ಕೋಟಿ ಉಳಿತಾಯ ತೋರಿಸಿದ ಸಂಸ್ಥೆಯ ನಿಜವಾದ ಕೊರತೆ 42 ಕೋಟಿ. ಇಲ್ಲಿ ಯಾರೂ ಸುಳ್ಳು ಲೆಕ್ಕ ಬರೆದಿಲ್ಲ. ಆದರೂ ಸಿಂಡಿಕೇಟ್ ಸದಸ್ಯರ ಮುಂದೆ ಇಟ್ಟ ಚಿತ್ರ ಬೇರೆ, ಖಜಾನೆಯ ಸ್ಥಿತಿ ಬೇರೆ. ಈ ನಾಲ್ಕು ಸಾಲಿನ ಲೆಕ್ಕವನ್ನು ನಿಮ್ಮ ವಿವಿಗೆ ಮಾಡಿ ನೋಡಿ. ಬೇರೆ ಯಾವ ವಿಶ್ಲೇಷಣೆಗೂ ಮೊದಲು ಇದೇ ಆಗಬೇಕು.

ಮುಂದಿನದು ವೆಚ್ಚ. ಸಂಬಳ, ಪಿಂಚಣಿ, ಅತಿಥಿ ಉಪನ್ಯಾಸಕರ ಗೌರವಧನ, ಹೊರಗುತ್ತಿಗೆ ನೌಕರರ ಪಾವತಿ, ಈ ನಾಲ್ಕನ್ನು ಕೂಡಿಸಿ ಒಟ್ಟು ವೆಚ್ಚದಲ್ಲಿ ಶೇಕಡ ಎಷ್ಟು ಎಂದು ಬರೆದುಕೊಳ್ಳಿ. ಪಿಂಚಣಿಯನ್ನು ಬೇರೆಯಾಗಿಯೂ ನೋಡಿ. ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದವರು ಹೊಸ ಪಿಂಚಣಿ ಯೋಜನೆಗೆ ಬರುತ್ತಾರೆ. ಅದಕ್ಕೂ ಮೊದಲು ಸೇರಿದವರು ಹಳೆಯ ಪಿಂಚಣಿಯವರು, ಈಗ ನಿವೃತ್ತರಾಗುತ್ತಿರುವವರಲ್ಲಿ ಬಹುಪಾಲು ಅವರೇ. ಹಳೆಯ ವಿವಿಗಳಲ್ಲಿ ಈ ಹೊರೆ ದೊಡ್ಡದು. ಸರ್ಕಾರ ಕೊಡುವ ಪಿಂಚಣಿ ಅನುದಾನ ಸಾಲದೆ ಉಳಿದದ್ದನ್ನು ಆಂತರಿಕ ಸಂಪನ್ಮೂಲದಿಂದ ತುಂಬಿದಾಗ ಕತ್ತರಿ ಬೀಳುವುದು ಗ್ರಂಥಾಲಯ, ಪ್ರಯೋಗಾಲಯ, ಸಂಶೋಧನಾ ವೇತನಗಳ ಮೇಲೆ. ಮೂರು ವರ್ಷದಲ್ಲಿ ಪುಸ್ತಕ ಮತ್ತು ನಿಯತಕಾಲಿಕೆಗಳಿಗೆ ವಾಸ್ತವವಾಗಿ ಖರ್ಚಾದ ಮೊತ್ತ ನೋಡಿದರೆ ಸಂಸ್ಥೆಯ ಆರೋಗ್ಯ ಕಾಣುತ್ತದೆ.

ಆಂತರಿಕ ಸಂಪನ್ಮೂಲ ಕುಗ್ಗಲು ಇನ್ನೊಂದು ಕಾರಣ ವಿಭಜನೆ. ಸಂಯೋಜಿತ ಕಾಲೇಜುಗಳು ಕೊಡುವ ಸಂಯೋಜನೆ ಶುಲ್ಕ, ಆ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟುವ ಪರೀಕ್ಷಾ ಶುಲ್ಕ, ಇವೇ ವಿವಿಯ ಸ್ವಂತ ಗಳಿಕೆ. ಮೈಸೂರು ವಿವಿಯಿಂದ ಮಂಡ್ಯ, ಹಾಸನ, ಚಾಮರಾಜನಗರ, ಮಂಗಳೂರಿನಿಂದ ಕೊಡಗು, ಧಾರವಾಡದಿಂದ ಹಾವೇರಿ ಬೇರೆಯಾದಾಗ ಕಾಲೇಜುಗಳು ಹೊಸ ವಿವಿಗೆ ಹೋದವು, ಪಿಂಚಣಿದಾರರು ಹಳೆಯದರಲ್ಲೇ ಉಳಿದರು. ಹೊಸದಕ್ಕೆ ಕಾಲೇಜುಗಳ ಶುಲ್ಕವಿದ್ದರೂ ಕಾಯಂ ಅಧ್ಯಾಪಕರು, ಕಟ್ಟಡ, ಇಡಗಂಟು ಯಾವುದೂ ಇಲ್ಲ. 2025ರಲ್ಲಿ ಸಂಪುಟ ಉಪಸಮಿತಿಯ ಮುಂದೆ ಒಂಬತ್ತು ಹೊಸ ವಿವಿಗಳನ್ನು ಮುಚ್ಚುವ ಮಾತು ಬಂದದ್ದು ಈ ಹಿನ್ನೆಲೆಯಲ್ಲೇ. ಹಾಗಾಗಿ ನಿಮ್ಮ ವಿವಿಯ ಕಾಲೇಜುಗಳ ಸಂಖ್ಯೆ ಯಾವ ವರ್ಷ ಇಳಿಯಿತು ಎಂಬುದನ್ನು ಆದಾಯದ ಕಾಲಂ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.

ಶುಲ್ಕದ ಆದಾಯವನ್ನು ನೀವೇ ತಾಳೆ ನೋಡಬಹುದು. 40 ಸಾವಿರ ವಿದ್ಯಾರ್ಥಿಗಳು, ವರ್ಷಕ್ಕೆ ಎರಡು ಸೆಮಿಸ್ಟರ್, ಸೆಮಿಸ್ಟರಿಗೆ ಸರಾಸರಿ 1,000 ರೂಪಾಯಿ ಎಂದಿಟ್ಟುಕೊಂಡರೆ 8 ಕೋಟಿ ಬರಬೇಕು. ಲೆಕ್ಕಪತ್ರದಲ್ಲಿ 5 ಕೋಟಿ ಕಂಡರೆ ಮೂರು ಸಾಧ್ಯತೆಗಳಿವೆ. ಶುಲ್ಕ ವಿನಾಯಿತಿ ಪಡೆದ ವಿದ್ಯಾರ್ಥಿಗಳ ಮರುಪಾವತಿ ಇಲಾಖೆಯಿಂದ ಬಂದಿಲ್ಲ, ಕಾಲೇಜುಗಳು ಬಾಕಿ ಉಳಿಸಿಕೊಂಡಿವೆ, ಇಲ್ಲವೇ ಹಣ ಬೇರೆ ಖಾತೆಯಲ್ಲಿದೆ. ಮೊದಲನೆಯದು ಬಹಳ ಕಡೆ ನಿಜ. ಮೂರನೆಯದೇ ಎಂದು ಮೊದಲೇ ತೀರ್ಮಾನಿಸಿ ಕೂಗಾಡಬೇಡಿ. ಕಾಲೇಜುವಾರು ಬಾಕಿ ಪಟ್ಟಿಯನ್ನೂ ವಿವಿ ಹೆಸರಿನ ಎಲ್ಲ ಬ್ಯಾಂಕ್ ಖಾತೆಗಳ ಪಟ್ಟಿಯನ್ನೂ ಕೇಳಿ, ಆಮೇಲೆ ಮಾತಾಡಿ.

ಠೇವಣಿಗಳನ್ನು ಓದುವಾಗ ಒಂದು ಎಚ್ಚರ. ವಿವಿಯ ಹೆಸರಿನಲ್ಲಿ ನೂರು ಕೋಟಿ ಠೇವಣಿ ಇದೆ ಎಂದ ಮಾತ್ರಕ್ಕೆ ಅದು ಶ್ರೀಮಂತ ಅಲ್ಲ. ಅದರಲ್ಲಿ ದತ್ತಿನಿಧಿ, ಚಿನ್ನದ ಪದಕಗಳ ನಿಧಿ, ಪಿಂಚಣಿ ನಿಧಿ, ನೌಕರರ ಭವಿಷ್ಯ ನಿಧಿ, ಗುತ್ತಿಗೆದಾರರ ಭದ್ರತಾ ಠೇವಣಿ, ಕೇಂದ್ರದ ಯೋಜನೆಯ ಬಳಕೆಯಾಗದ ಹಣ ಎಲ್ಲ ಸೇರಿರುತ್ತದೆ. ಅವು ನಿರ್ದಿಷ್ಟ ಉದ್ದೇಶದ ಹಣ. ಸಂಬಳಕ್ಕೆ ಕೊರತೆಯಾದಾಗ ಅವುಗಳಿಂದ "ತಾತ್ಕಾಲಿಕ ವರ್ಗಾವಣೆ" ಮಾಡಿ ಹಿಂದಿರುಗಿಸದೇ ಬಿಡುವುದೇ ವಿವಿಗಳ ಹಣಕಾಸಿನಲ್ಲಿ ಅತಿ ಹೆಚ್ಚು ಹಾನಿ ಮಾಡುವ ಅಭ್ಯಾಸ. ಅಢಾವೆ ಪತ್ರಿಕೆಯಲ್ಲಿ ಹೊಣೆಯ ಕಡೆ ಇರುವ ನಿಧಿಗಳ ಒಟ್ಟು ಮೊತ್ತವನ್ನು ಆಸ್ತಿಯ ಕಡೆ ಇರುವ ಠೇವಣಿ ಮತ್ತು ಬ್ಯಾಂಕ್ ಶಿಲ್ಕಿನೊಂದಿಗೆ ಹೋಲಿಸಿ. ನಿಧಿಗಳ ಮೊತ್ತವೇ ಹೆಚ್ಚಿದ್ದರೆ ಯಾರದೋ ನಿಧಿಯ ಹಣ ಖರ್ಚಾಗಿರುವ ಸಾಧ್ಯತೆ ಬಲವಾಗಿದೆ.

ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ಮೀಸಲಿಟ್ಟ ಹಣವನ್ನು ಪ್ರತ್ಯೇಕವಾಗಿ ನೋಡಲೇಬೇಕು. ಜನಸಂಖ್ಯೆಯ ಆಧಾರದ ಮೇಲೆ ಶೇ 17.15 ಮತ್ತು ಶೇ 6.95, ಒಟ್ಟು ಶೇ 24.10 ಎಂಬುದು ರಾಜ್ಯದಲ್ಲಿ ಬಳಕೆಯಲ್ಲಿರುವ ಪ್ರಮಾಣ. ಆಯವ್ಯಯದಲ್ಲಿ ಈ ಸಾಲು ಚೆನ್ನಾಗಿಯೇ ಕಾಣುತ್ತದೆ. ವಾಸ್ತವ ವೆಚ್ಚದ ಕಾಲಂನಲ್ಲಿ ಎಷ್ಟಿದೆ, ಅದರಲ್ಲಿ ಲ್ಯಾಪ್‌ಟಾಪ್, ಪುಸ್ತಕ, ಸಂಶೋಧನಾ ಸಹಾಯಧನದಂಥ ನೇರ ಪ್ರಯೋಜನಕ್ಕೆ ಎಷ್ಟು, ರಸ್ತೆ ಮತ್ತು ಕಟ್ಟಡಕ್ಕೆ ಎಷ್ಟು ಎಂದು ಬಿಡಿಸಿ ಬರೆಯಿರಿ.

ಲೆಕ್ಕಪರಿಶೋಧನಾ ವರದಿ

ರಾಜ್ಯ ವಿವಿಗಳ ಲೆಕ್ಕವನ್ನು ಕರ್ನಾಟಕ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ಪರಿಶೋಧಿಸುತ್ತದೆ. ಇದಲ್ಲದೆ ಮಹಾಲೇಖಪಾಲರಿಗೂ (ಸಿಎಜಿ) ಅವರ ಅಧಿಕಾರ ಕುರಿತ 1971ರ ಕಾಯ್ದೆಯ 14ನೇ ಪ್ರಕರಣದಡಿ ಅಧಿಕಾರವಿದೆ. ವರ್ಷಕ್ಕೆ 25 ಲಕ್ಷಕ್ಕೆ ಕಡಿಮೆಯಿಲ್ಲದ ಸರ್ಕಾರಿ ಅನುದಾನ ಸಂಸ್ಥೆಯ ಒಟ್ಟು ವೆಚ್ಚದ ಶೇ 75ಕ್ಕಿಂತ ಕಡಿಮೆಯಿಲ್ಲದಿದ್ದರೆ ಅವರು ಪರಿಶೋಧಿಸುತ್ತಾರೆ. ಅನುದಾನ 1 ಕೋಟಿ ಅಥವಾ ಹೆಚ್ಚಿದ್ದರೆ ರಾಜ್ಯಪಾಲರ ಒಪ್ಪಿಗೆ ಪಡೆದು ಪರಿಶೋಧಿಸಬಹುದು.

ವರದಿಯ ಪ್ರತಿ ಕಂಡಿಕೆಯ (ಪ್ಯಾರಾ) ಕೊನೆಯಲ್ಲಿ ಎರಡು ಬಗೆಯ ಮೊತ್ತ ಇರಬಹುದು: ಆಕ್ಷೇಪಣೆಯಲ್ಲಿರಿಸಿದ್ದು ಮತ್ತು ವಸೂಲಾತಿಗೆ ಸೂಚಿಸಿದ್ದು. ಇವೆರಡನ್ನು ಕಲಸಬೇಡಿ. ಬಿಲ್ ಇಲ್ಲ, ಮಂಜೂರಾತಿ ಆದೇಶ ಲಗತ್ತಿಸಿಲ್ಲ ಎಂಬ ಕಾರಣಕ್ಕೆ ಇಡೀ ಮೊತ್ತ ಆಕ್ಷೇಪಣೆಗೆ ಹೋಗುತ್ತದೆ. ದಾಖಲೆ ತೋರಿಸಿದರೆ ಅದು ತೀರುತ್ತದೆ. ವಸೂಲಾತಿ ಎಂದರೆ ಹೆಚ್ಚು ಪಾವತಿಯಾಗಿದೆ, ಹಣ ವಾಪಸ್ ಬರಬೇಕು ಎಂದರ್ಥ. ಆಕ್ಷೇಪಣೆಯ ಮೊತ್ತವನ್ನು ಹಗರಣದ ಮೊತ್ತ ಎಂದು ಪ್ರಕಟಿಸಿದರೆ ಮಾರನೆಯ ದಿನವೇ ಸ್ಪಷ್ಟೀಕರಣ ಬರುತ್ತದೆ. ಆಮೇಲೆ ನಿಮ್ಮ ಸರಿಯಾದ ಮಾತನ್ನೂ ಯಾರೂ ಕೇಳುವುದಿಲ್ಲ.

ಗಮನವಿಟ್ಟು ಓದಬೇಕಾದ ಕಂಡಿಕೆಗಳು ಇವು. ಹೊಂದಾಣಿಕೆಯಾಗದ ಮುಂಗಡಗಳು: ಪರೀಕ್ಷೆ, ವಿಚಾರ ಸಂಕಿರಣ, ಕ್ರೀಡಾಕೂಟಗಳಿಗೆ ಪಡೆದ ಮುಂಗಡಕ್ಕೆ ವರ್ಷಗಟ್ಟಲೆ ಲೆಕ್ಕ ಕೊಡದವರ ಪಟ್ಟಿ. ಬ್ಯಾಂಕ್ ಸಮನ್ವಯ ತಃಖ್ತೆ: ನಗದು ಪುಸ್ತಕದ ಶಿಲ್ಕಿಗೂ ಬ್ಯಾಂಕ್ ಶಿಲ್ಕಿಗೂ ವ್ಯತ್ಯಾಸ ಎಷ್ಟು, ಎಷ್ಟು ವರ್ಷದಿಂದ. ಹಣ ಬಳಕೆ ಪ್ರಮಾಣಪತ್ರ ಸಲ್ಲಿಸದ ಕೇಂದ್ರ ಯೋಜನೆಗಳು: ಇದು ಬಾಕಿಯಿದ್ದರೆ ಮುಂದಿನ ಕಂತು ನಿಲ್ಲುತ್ತದೆ, ಅರ್ಧಕ್ಕೆ ನಿಂತ ಕಟ್ಟಡಗಳ ಹಿಂದೆ ಹಲವು ಸಲ ಇದೇ ಕಾರಣ ಸಿಗುತ್ತದೆ. ಕಾಮಗಾರಿ ಬಿಲ್ಲಿನಲ್ಲಿ ಶೇ 1ರ ಕಾರ್ಮಿಕ ಸೆಸ್ ಕಡಿತ ಮಾಡದಿರುವುದು ಸಣ್ಣದೆನಿಸಿದರೂ ಬಿಲ್ ಪರಿಶೀಲನೆಯೇ ಸಡಿಲವಾಗಿದೆ ಎಂಬುದಕ್ಕೆ ಅದು ಗುರುತು.

ಒಂದೇ ಕಂಡಿಕೆ "ಹಿಂದಿನ ವರದಿಯಲ್ಲೂ ತಿಳಿಸಲಾಗಿದ್ದು" ಎಂಬ ಒಕ್ಕಣೆಯೊಂದಿಗೆ ಮೂರು ವರ್ಷವೂ ಬಂದಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ತಪ್ಪು ಎಲ್ಲ ಕಚೇರಿಯಲ್ಲೂ ಆಗುತ್ತದೆ. ಎತ್ತಿ ತೋರಿಸಿದ ಮೇಲೂ ಮೂರು ವರ್ಷ ಮುಟ್ಟದ ತಪ್ಪಿಗೆ ಯಾರೋ ಒಬ್ಬರು ಉತ್ತರ ಕೊಡಬೇಕು. ನಿಮ್ಮ ಶ್ರಮವನ್ನೆಲ್ಲ ಇಂಥ ಎರಡು ಮೂರು ಕಂಡಿಕೆಗಳ ಮೇಲೆ ಹಾಕಿ. ಇಡೀ ವರದಿಯನ್ನು ಹಿಡಿದುಕೊಂಡು ಹೋದರೆ ಏನೂ ಆಗುವುದಿಲ್ಲ.

ಸಿಂಡಿಕೇಟ್ ನಡಾವಳಿಯಲ್ಲಿ ಹುಡುಕಬೇಕಾದ ಪದಗಳು

"ಘಟನೋತ್ತರ ಅನುಮೋದನೆ" ಮೊದಲನೆಯದು. ತುರ್ತು ಸಂದರ್ಭದಲ್ಲಿ ಕುಲಪತಿ ಕ್ರಮ ಕೈಗೊಂಡು ಆಮೇಲೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ವರದಿ ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ಪ್ರಶ್ನೆ ತುರ್ತಿನದು. ಉತ್ತರ ಪತ್ರಿಕೆ ಖರೀದಿ ಪ್ರತಿ ಸೆಮಿಸ್ಟರ್ ಬರುವ ಕೆಲಸ, ಅದು ಹೇಗೆ ತುರ್ತಾಯಿತು? ಒಂದು ವರ್ಷದ ನಡಾವಳಿಗಳಲ್ಲಿ ಒಟ್ಟು ಎಷ್ಟು ಹಣಕಾಸು ವಿಷಯಗಳಿದ್ದವು, ಅವುಗಳಲ್ಲಿ ಎಷ್ಟಕ್ಕೆ ಘಟನೋತ್ತರ ಅನುಮೋದನೆ ಸಿಕ್ಕಿತು ಎಂದು ಎಣಿಸಿ. ಎರಡನೆಯದು "ಅಧ್ಯಕ್ಷರ ಅನುಮತಿ ಮೇರೆಗೆ". ಕಾರ್ಯಸೂಚಿಯಲ್ಲಿ ಇರದೆ, ಸದಸ್ಯರಿಗೆ ಮುಂಚಿತವಾಗಿ ಟಿಪ್ಪಣಿ ತಲುಪದೆ, ಸಭೆಯ ಕೊನೆಯಲ್ಲಿ ಬಂದ ವಿಷಯಗಳು ಇವು. ನೇಮಕಾತಿ ಮತ್ತು ದೊಡ್ಡ ಟೆಂಡರ್‌ಗಳು ಇಲ್ಲಿ ಕಂಡರೆ ಆ ದಿನದ ಟಿಪ್ಪಣಿ ಹಾಳೆ ಕೇಳಿ. ಪ್ರಭಾರ ಕುಲಪತಿಯ ಅವಧಿಯ ಸಭೆಗಳನ್ನೂ ಬೇರೆಯಾಗಿ ಗುರುತಿಸಿಕೊಳ್ಳುವುದು ಒಳ್ಳೆಯದು.

ನೇಮಕಾತಿಯ ಬಗ್ಗೆ ಒಂದು ಅಳತೆಗೋಲು: ಯುಜಿಸಿಯ 2018ರ ನಿಯಮಾವಳಿ ಗುತ್ತಿಗೆ ಅಧ್ಯಾಪಕರ ಪ್ರಮಾಣ ಮಂಜೂರಾದ ಹುದ್ದೆಗಳ ಶೇ 10 ಮೀರಬಾರದು ಎನ್ನುತ್ತದೆ. ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆಗಳ ವಿಭಾಗವಾರು ಪಟ್ಟಿ ಪಡೆದು ಪಕ್ಕದಲ್ಲಿ ಅತಿಥಿ ಉಪನ್ಯಾಸಕರ ಸಂಖ್ಯೆ ಬರೆಯಿರಿ. ವಿವರಣೆ ಬೇಕಾಗುವುದಿಲ್ಲ.

ಖರೀದಿ ಮತ್ತು ಕಾಮಗಾರಿ

ವಿವಿಗಳಿಗೂ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕುರಿತ ಕೆಟಿಪಿಪಿ ಕಾಯ್ದೆ 1999 ಅನ್ವಯಿಸುತ್ತದೆ. ಟೆಂಡರ್ ಪ್ರಕಟಣೆ, ಬಿಡ್‌ದಾರರ ಸಂಖ್ಯೆ, ಅಂತಿಮಗೊಂಡ ದರ ಇವನ್ನು ರಾಜ್ಯದ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್‌ನಲ್ಲಿ ಹುಡುಕಬಹುದು. ಎಡವಟ್ಟಾಗುವುದು ಎರಡು ಕಡೆ. ಒಂದು, ಟೆಂಡರ್ ಬೇಡದ ಮಿತಿಯೊಳಗೆ ಬರುವಂತೆ ಒಂದೇ ಕೆಲಸವನ್ನು ಒಡೆದು ತುಂಡು ಗುತ್ತಿಗೆ ಕೊಡುವುದು. ಒಂದೇ ತಿಂಗಳಲ್ಲಿ, ಒಂದೇ ಬಗೆಯ ಕೆಲಸಕ್ಕೆ, ಮಿತಿಗಿಂತ ತುಸುವೇ ಕಡಿಮೆ ಮೊತ್ತದ ನಾಲ್ಕಾರು ಕಾರ್ಯಾದೇಶಗಳು ಸಿಕ್ಕರೆ ಅದೇ ಸುಳಿವು. ಎರಡು, 4(ಜಿ) ವಿನಾಯಿತಿ. ಸರ್ಕಾರದ ಅಧಿಸೂಚನೆಯ ಮೂಲಕ ಟೆಂಡರ್ ಇಲ್ಲದೆ ನಿರ್ದಿಷ್ಟ ಸಂಸ್ಥೆಗೆ ಕೆಲಸ ಕೊಡಲು ಈ ಕಲಂ ಅವಕಾಶ ಕೊಡುತ್ತದೆ. ಅಧಿಸೂಚನೆ ಇದೆಯೇ, ಅದರ ದಿನಾಂಕ ಕಾರ್ಯಾದೇಶಕ್ಕಿಂತ ಮೊದಲಿನದೇ ಎಂದು ನೋಡಿ.

ಕಾಮಗಾರಿಯಲ್ಲಿ, ನಡೆದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕವೇ ಮುಖ್ಯ ಸಾಕ್ಷಿ. ಬಿಲ್ಲಿನ ನಕಲು ಮಾತ್ರ ಪಡೆದರೆ ಏನೂ ತಿಳಿಯದು. ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಅಂತಿಮ ಬಿಲ್ ಈ ನಾಲ್ಕನ್ನೂ ಒಟ್ಟಿಗೆ ಕೇಳಬೇಕು. ಹೆಚ್ಚುವರಿ ಕೆಲಸದ ಹೆಸರಿನಲ್ಲಿ ಮೊತ್ತ ಏರಿದ್ದರೆ ಅದಕ್ಕೆ ಮಂಜೂರಾತಿ ಕೊಟ್ಟವರು ಯಾರು ಎಂಬುದು ಆಗ ಕಾಣುತ್ತದೆ.

ಮಾಹಿತಿ ಹಕ್ಕು ಅರ್ಜಿ ಬರೆಯುವುದು

ಜಾಲತಾಣದಲ್ಲಿ ಸಿಗದ್ದನ್ನು ಮಾಹಿತಿ ಹಕ್ಕು ಕಾಯ್ದೆ 2005ರಡಿ ಕೇಳಬೇಕು. ಆಯವ್ಯಯ ಮತ್ತು ವೆಚ್ಚದ ವಿವರಗಳು 4(1)(ಬಿ) ಪ್ರಕಾರ ವಿವಿ ತಾನಾಗಿಯೇ ಪ್ರಕಟಿಸಬೇಕಾದ 17 ಅಂಶಗಳಲ್ಲೇ ಬರುತ್ತವೆ. ಅರ್ಜಿಯಲ್ಲಿ ಇದನ್ನು ನೆನಪಿಸಿ.

ಕರ್ನಾಟಕದ ನಿಯಮದಲ್ಲಿ ಎರಡು ವಿಶೇಷಗಳಿವೆ, ಅರ್ಜಿಗಳು ಬಿದ್ದುಹೋಗುವುದು ಅಲ್ಲೇ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಮತ್ತು ಅದು 150 ಪದ ಮೀರಬಾರದು. ಅರ್ಜಿ ನಮೂನೆ-ಎಯಲ್ಲಿರಲಿ, ಶುಲ್ಕ 10 ರೂಪಾಯಿ. ಅಂಚೆ ಆರ್ಡರ್ ಯಾರ ಹೆಸರಿಗೆ ಇರಬೇಕೆಂದು ವಿವಿಯ ಸೂಚನೆಯಲ್ಲಿ ನೋಡಿಕೊಳ್ಳಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಇಲ್ಲವೇ ಖುದ್ದಾಗಿ ಕೊಟ್ಟು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಉತ್ತರ ಕೊಡಬೇಕಾದ 30 ದಿನದ ಎಣಿಕೆ ಅಲ್ಲಿಂದ ಶುರು.

"ಯಾಕೆ", "ಹೇಗೆ" ಎಂದು ಕೇಳಬೇಡಿ. ಕಾಯ್ದೆ ಕೊಡುವುದು ಇರುವ ದಾಖಲೆಯನ್ನು, ವಿವರಣೆಯನ್ನಲ್ಲ. ದಾಖಲೆಯ ಹೆಸರು, ವರ್ಷ, ಶಾಖೆ ಮೂರನ್ನೂ ಬರೆಯಿರಿ. ಹೀಗೆ:

"ವಿಷಯ: 2022-23 ಮತ್ತು 2023-24ನೇ ಸಾಲಿನ ಲೆಕ್ಕಪರಿಶೋಧನಾ ವರದಿಗಳ ಪ್ರತಿ ಕೋರಿ. ವಿಶ್ವವಿದ್ಯಾಲಯದ ಹಣಕಾಸು ಶಾಖೆಯಲ್ಲಿರುವ ಕೆಳಕಂಡ ದಾಖಲೆಗಳ ದೃಢೀಕೃತ ಪ್ರತಿ ನೀಡಿ. 1) ಎರಡೂ ಸಾಲಿನ ಲೆಕ್ಕಪರಿಶೋಧನಾ ವರದಿ, ಅನುಬಂಧ ಸಹಿತ. 2) ಸದರಿ ವರದಿಗಳಿಗೆ ಸಲ್ಲಿಸಿದ ಅನುಪಾಲನಾ ವರದಿ. 3) ಬಾಕಿ ಉಳಿದ ಕಂಡಿಕೆಗಳ ಪಟ್ಟಿ. ಪುಟಗಳ ಸಂಖ್ಯೆ ಮತ್ತು ಪಾವತಿಸಬೇಕಾದ ಶುಲ್ಕ ತಿಳಿಸಿ."

ಎ4 ಪುಟಕ್ಕೆ 2 ರೂಪಾಯಿ ಆಗುತ್ತದೆ. ಸಾವಿರಾರು ಪುಟದ ಟೆಂಡರ್ ಕಡತ ಬೇಕಿದ್ದರೆ ನಕಲು ಕೇಳುವ ಬದಲು ಪ್ರಕರಣ 2(ಜೆ) ಅಡಿ ಕಡತ ಪರಿಶೀಲನೆಗೆ ಅವಕಾಶ ಕೋರಿ. ಕೂತು ಓದಿ, ಬೇಕಾದ ಇಪ್ಪತ್ತು ಪುಟಗಳಿಗೆ ಗುರುತು ಹಾಕಿ, ಅಷ್ಟನ್ನೇ ಪಡೆಯಿರಿ. ನಕಲಿಗಿಂತ ಪರಿಶೀಲನೆಯಲ್ಲೇ ಹೆಚ್ಚು ತಿಳಿಯುತ್ತದೆ. ಟಿಪ್ಪಣಿ ಹಾಳೆಯಲ್ಲಿ ಯಾರು ಯಾವ ದಿನ ಆಕ್ಷೇಪ ಬರೆದರು, ಯಾರು ಅದನ್ನು ದಾಟಿಸಿದರು ಎಂಬುದು ನಕಲಿನಲ್ಲಿ ಬಿಟ್ಟುಹೋಗಬಹುದು.

ಬರಬಹುದಾದ ಹಿಂಬರಹಗಳಿಗೆ ಉತ್ತರ ಸಿದ್ಧವಿರಲಿ. "ಮಾಹಿತಿ ಬೇರೆ ಕಚೇರಿಯಲ್ಲಿದೆ" ಎಂದರೆ 6(3)ರ ಪ್ರಕಾರ ಐದು ದಿನದೊಳಗೆ ವರ್ಗಾಯಿಸುವುದು ಅವರ ಕೆಲಸ. "ಕ್ರೋಡೀಕರಿಸಲು ಸಿಬ್ಬಂದಿ ಇಲ್ಲ" ಎಂದರೆ 7(9) ಮಾಹಿತಿಯ ರೂಪ ಬದಲಿಸಲು ಅವಕಾಶ ಕೊಡುತ್ತದೆಯೇ ಹೊರತು ನಿರಾಕರಿಸಲು ಅಲ್ಲ, ಆಗ ಪರಿಶೀಲನೆ ಕೇಳಿ. "ಕಡತ ಸಿಗುತ್ತಿಲ್ಲ" ಎಂದರೆ ಹುಡುಕಿದ್ದಕ್ಕೆ ದಾಖಲೆ ಮತ್ತು ಕಡತದ ಚಲನವಲನ ವಹಿಯ ಪ್ರತಿ ಕೇಳಿ. "ವೈಯಕ್ತಿಕ ಮಾಹಿತಿ" ಎಂಬುದು ಈಗ ಬಲವಾದ ತಡೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯಲ್ಲಿ ಇಂಥ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ) ಕಲಮನ್ನೇ ಬದಲಿಸಿದೆ. ಆದ್ದರಿಂದ ನೌಕರರ ಹೆಸರು ಹೇಳಿ ಸಂಬಳ, ಪಿಂಚಣಿ ಕೇಳಬೇಡಿ. ಹುದ್ದೆವಾರು ಸಂಖ್ಯೆ ಮತ್ತು ಒಟ್ಟು ಮೊತ್ತ ಕೇಳಿ. ಲೆಕ್ಕಕ್ಕೆ ಬೇಕಾದದ್ದೂ ಅಷ್ಟೇ. ಹೆಸರೇ ಬೇಕಾದ ಪ್ರಕರಣದಲ್ಲಿ 8(2)ರ ಸಾರ್ವಜನಿಕ ಹಿತಾಸಕ್ತಿಯನ್ನು ಕಾರಣಸಹಿತ ಬರೆಯಿರಿ.

30 ದಿನ ದಾಟಿದರೂ ಉತ್ತರ ಬರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದು 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನವಾಗಬೇಕು. ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅವಧಿ ಮೀರಿ ಕೊಡುವ ಮಾಹಿತಿಗೆ 7(6)ರ ಪ್ರಕಾರ ಶುಲ್ಕ ಕೇಳುವಂತಿಲ್ಲ. ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡಕ್ಕೂ ಅವಕಾಶವಿದೆ. ಆಯೋಗದಲ್ಲಿ ಪ್ರಕರಣ ವಿಚಾರಣೆಗೆ ಬರಲು ಬಹಳ ಸಮಯ ಹಿಡಿಯುತ್ತದೆ. ಅದಕ್ಕೇ ಮುಖ್ಯ ದಾಖಲೆಗಳನ್ನು ಒಂದೇ ಅರ್ಜಿಗೆ ಕಟ್ಟಿಹಾಕದೆ ಬೇರೆಬೇರೆ ಅರ್ಜಿಗಳಲ್ಲಿ ಕೇಳಿ.

ಸಿಕ್ಕದ್ದನ್ನು ಎಲ್ಲಿಗೆ ಒಯ್ಯುವುದು

ಮೊದಲು ವಿವಿಗೇ. ಒಂದು ಕಂಡಿಕೆ, ಒಂದು ದಾಖಲೆ, ಒಂದು ಕೋರಿಕೆ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಕುಲಸಚಿವರಿಗೂ ಹಣಕಾಸು ಅಧಿಕಾರಿಗೂ ಕೊಡಿ, ಪ್ರತಿಯನ್ನು ಸಿಂಡಿಕೇಟ್ ಸದಸ್ಯರಿಗೆ ಕಳಿಸಿ. ಸದಸ್ಯರಲ್ಲಿ ಓದಿ ಪ್ರಶ್ನೆ ಕೇಳುವವರು ಒಬ್ಬರಾದರೂ ಇರುತ್ತಾರೆ, ಅವರಿಗೆ ಬೇಕಿರುವುದು ಆಧಾರ.

ವಿದ್ಯಾರ್ಥಿಯ ಶುಲ್ಕ, ಅಂಕಪಟ್ಟಿ, ವಿದ್ಯಾರ್ಥಿವೇತನದ ದೂರಾದರೆ ಯುಜಿಸಿಯ 2023ರ ನಿಯಮಾವಳಿಯಡಿ ರಚಿಸಿದ ವಿದ್ಯಾರ್ಥಿ ಕುಂದುಕೊರತೆ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹೋಗಬಹುದು.

ಹಣಕಾಸಿನ ವಿಷಯಕ್ಕೆ ಶಾಸಕಾಂಗದ ದಾರಿ ಇದೆ, ಜನ ಅದನ್ನು ಬಳಸುವುದು ಕಡಿಮೆ. 75 ಸದಸ್ಯರ ವಿಧಾನ ಪರಿಷತ್ತಿನಲ್ಲಿ ಪದವೀಧರ ಕ್ಷೇತ್ರದಿಂದ 7, ಶಿಕ್ಷಕರ ಕ್ಷೇತ್ರದಿಂದ 7 ಮಂದಿ ಬರುತ್ತಾರೆ. ವಿವಿಯ ಪ್ರಶ್ನೆ ಅವರ ಮತದಾರರ ಪ್ರಶ್ನೆಯೇ. ನಿಮ್ಮ ಒಂದು ಪುಟದ ಟಿಪ್ಪಣಿಯನ್ನು ಚುಕ್ಕೆ ಗುರುತಿಲ್ಲದ ಪ್ರಶ್ನೆಯ (ಲಿಖಿತ ಉತ್ತರ ಬರುವ ಪ್ರಶ್ನೆ) ರೂಪದಲ್ಲಿ ಬರೆದುಕೊಟ್ಟರೆ ಮೂರು ವರ್ಷದ ಅನುದಾನ, ಬಿಡುಗಡೆ, ವೆಚ್ಚದ ಪಟ್ಟಿ ಸಚಿವರ ಸಹಿಯೊಂದಿಗೆ ಸದನದ ದಾಖಲೆಗೆ ಸೇರುತ್ತದೆ.

ದುರುಪಯೋಗದ ಸ್ಪಷ್ಟ ಆಧಾರ ಸಿಕ್ಕರೆ ಲೋಕಾಯುಕ್ತ. ದೂರು ನಮೂನೆ 1ರಲ್ಲಿ, ಪ್ರಮಾಣಪತ್ರ ನಮೂನೆ 2ರಲ್ಲಿ ಇರಬೇಕು. ಆಪಾದನೆಯ ದೂರಿಗೆ ಐದು ವರ್ಷದ, ಕುಂದುಕೊರತೆಯ ದೂರಿಗೆ ಆರು ತಿಂಗಳ ಮಿತಿ ಇದೆ. ಪ್ರಮಾಣ ಮಾಡಿ ಹೇಳುವ ಮಾತಾದ್ದರಿಂದ ದಾಖಲೆಯಲ್ಲಿ ಇಲ್ಲದ ಒಂದು ಪದವನ್ನೂ ಬರೆಯಬೇಡಿ. ಕಾಯ್ದೆಗೆ ವಿರುದ್ಧವಾದ ತೀರ್ಮಾನವನ್ನು ರದ್ದುಪಡಿಸುವ ಅಧಿಕಾರ ಕುಲಾಧಿಪತಿಗಳಿಗಿದೆ, ತಪಾಸಣೆ ನಡೆಸುವ ಅಧಿಕಾರ ಸರ್ಕಾರಕ್ಕಿದೆ. ಅಲ್ಲಿಗೆ ಬರೆಯುವಾಗ ಯಾವ ಪ್ರಕರಣ, ಯಾವ ಪರಿನಿಯಮ ಉಲ್ಲಂಘನೆಯಾಗಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ.

ಕಾಲವನ್ನೂ ನೋಡಿಕೊಳ್ಳಬೇಕು. ಹೊಸ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಆಯವ್ಯಯ ಸಿಂಡಿಕೇಟ್ ಮುಂದೆ ಬರುವುದು ಮಾರ್ಚ್ ಹೊತ್ತಿಗೆ. ಕರಡು ಸಿದ್ಧವಾಗುವುದು ಅದಕ್ಕೂ ಮೊದಲು. ಮಾರ್ಚ್‌ನಲ್ಲಿ ಪತ್ರ ಕೊಟ್ಟರೆ ಅದು ಕಡತ ಸೇರುತ್ತದೆ ಅಷ್ಟೇ. ಆಗಸ್ಟ್‌ನಲ್ಲಿ ಅರ್ಜಿ ಹಾಕಿದರೆ, ಒಂದು ಮೇಲ್ಮನವಿ ಹಿಡಿದರೂ, ಡಿಸೆಂಬರ್ ಹೊತ್ತಿಗೆ ದಾಖಲೆ ಕೈಯಲ್ಲಿರುತ್ತದೆ. ಜನವರಿಯಲ್ಲಿ ಹಣಕಾಸು ಸಮಿತಿ ಸದಸ್ಯರ ಕೈಗೆ ನಿಮ್ಮ ಟಿಪ್ಪಣಿ ಸಿಕ್ಕರೆ ಗ್ರಂಥಾಲಯದ ಆ ಒಂದು ಸಾಲನ್ನು ಬದಲಿಸಲು ಅವರಿಗೆ ಇನ್ನೂ ಸಮಯ ಇರುತ್ತದೆ.